ಬೆಳಕಿನ ಮೇಲೆ ಹಾಡು ಕಳಿಸುವ ಮಾಡೆಲ್: ಸದ್ದು ಬಾರದಿದ್ದರೆ ಎಲ್ಲಿ ಹುಡುಕಬೇಕು

ಮೊಬೈಲಿನಲ್ಲಿ ಹಾಡು ಹಾಕಿದರೆ ಎಲ್‌ಇಡಿಯ ಬೆಳಕು ಹಾಡಿನ ಜೊತೆಗೇ ಏರಿಳಿಯುತ್ತದೆ. ಆ ಬೆಳಕು ಮೇಜಿನ ಆಚೆ ತುದಿಯ ಸೋಲಾರ್ ಪ್ಯಾನೆಲ್ ಮೇಲೆ ಬಿದ್ದು ಮತ್ತೆ ಕರೆಂಟಾಗುತ್ತದೆ, ಕರೆಂಟು ಸ್ಪೀಕರಿಗೆ ಹೋಗಿ ಹಾಡಾಗುತ್ತದೆ. ನಡುವೆ ಒಂದು ಎಳೆ ವೈರೂ ಇಲ್ಲ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೇಳಿ ಮಾಡಿಸಿದಂಥ ಮಾಡೆಲ್. ವಿಡಿಯೊದಲ್ಲಿ ನೋಡಿದರೆ ಐದು ನಿಮಿಷದ ಕೆಲಸ. ಮನೆಯಲ್ಲಿ ಜೋಡಿಸಿದಾಗ ಒಂದೋ ಸದ್ದೇ ಇರುವುದಿಲ್ಲ, ಇಲ್ಲವೇ ಹಾಡಿನ ಬದಲು ಗುಂಯ್ ಅನ್ನುತ್ತಿರುತ್ತದೆ.

ಆಗ ಹೆಚ್ಚಿನವರು ಮೊಬೈಲಿನ ಕಡೆಯಿಂದ ಹುಡುಕಲು ಶುರು ಮಾಡುತ್ತಾರೆ: ಪಿನ್ ಅಲ್ಲಾಡಿಸುವುದು, ಎಲ್‌ಇಡಿ ಬದಲಿಸುವುದು, ಬೆಸುಗೆ ಬಿಚ್ಚಿ ಮತ್ತೆ ಹಾಕುವುದು. ಇದರಲ್ಲಿ ರಾತ್ರಿ ಕಳೆಯುತ್ತದೆಯೇ ಹೊರತು ದೋಷ ಸಿಗುವುದಿಲ್ಲ. ಎಲ್‌ಇಡಿಯೊಳಗೆ ಹಾಡು ಇದೆಯೋ ಇಲ್ಲವೋ ಎಂದು ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಸೆಕೆಂಡಿಗೆ ನೂರಾರು ಸಲ ಮಿನುಗುವ ಬೆಳಕು ನಮಗೆ ಒಂದೇ ಸಮನೆ ಉರಿಯುವಂತೆ ಕಾಣುತ್ತದೆ. ಹಾಗಾಗಿ ಹಿಂದಿನಿಂದ ಬರಬೇಕು. ಮೊದಲು ಸ್ಪೀಕರ್ ಸರಿ ಇದೆ ಎಂದು ಖಚಿತ ಮಾಡಿಕೊಳ್ಳಿ, ಅದನ್ನೇ ಇಟ್ಟುಕೊಂಡು ಪ್ಯಾನೆಲ್ ಪರೀಕ್ಷಿಸಿ, ಪ್ಯಾನೆಲ್ಲನ್ನು ಇಟ್ಟುಕೊಂಡು ಎಲ್‌ಇಡಿ ಪರೀಕ್ಷಿಸಿ. ಪಾಸಾದ ಪ್ರತಿ ಭಾಗವೂ ಅದರ ಹಿಂದಿನ ಭಾಗಕ್ಕೆ ಮೀಟರ್ ಆಗುತ್ತದೆ. ಒಂದು ಅಗ್ಗದ ಮಲ್ಟಿಮೀಟರ್ ಬಿಟ್ಟರೆ ಬೇರೆ ಸಲಕರಣೆ ಕೊಳ್ಳುವುದೂ ಬೇಡ.

ಇನ್ನೊಂದು ಮಾತನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಈ ಇಡೀ ಸರಪಳಿಯಲ್ಲಿ ದಾಟಿ ಹೋಗುವುದು ಬೆಳಕಿನ ಏರಿಳಿತ ಮಾತ್ರ, ಬೆಳಕಿನ ಪ್ರಮಾಣ ಅಲ್ಲ. ಕಣ್ಣು ಕುಕ್ಕುವ ಟಾರ್ಚನ್ನು ಪ್ಯಾನೆಲ್ ಮೇಲೆ ಹಿಡಿದರೂ ಅದರ ಬೆಳಕು ಸ್ಥಿರವಾಗಿದ್ದರೆ ಸ್ಪೀಕರ್ ಮೌನ. ಮಂಕು ಎಲ್‌ಇಡಿಯೊಂದು ಚೆನ್ನಾಗಿ ಏರಿಳಿದರೆ ಸ್ಪೀಕರ್ ಹಾಡುತ್ತದೆ. “ಲೈಟ್ ಚೆನ್ನಾಗಿ ಉರೀತಿದೆ ಸಾರ್, ಆದ್ರೂ ಸೌಂಡ್ ಇಲ್ಲ” ಎನ್ನುವ ದೂರಿನಲ್ಲಿ ಮೊದಲರ್ಧಕ್ಕೂ ಎರಡನೆಯದಕ್ಕೂ ಸಂಬಂಧವೇ ಇಲ್ಲ.

ಯಾವ ಸರ್ಕ್ಯೂಟಿನ ಬಗ್ಗೆ ಹೇಳುತ್ತಿದ್ದೇನೆ

ಕಳಿಸುವ ಕಡೆ: 9 ವೋಲ್ಟ್ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, ಒಂದು ಬಿಸಿ547 ಟ್ರಾನ್ಸಿಸ್ಟರ್ (ಅದರ ಮೂರು ಕಾಲುಗಳ ಹೆಸರು ಕಲೆಕ್ಟರ್, ಬೇಸ್, ಎಮಿಟರ್). ಬ್ಯಾಟರಿಯ ಪ್ಲಸ್‌ನಿಂದ ಎಲ್‌ಇಡಿ ಮೂಲಕ ಕಲೆಕ್ಟರ್‌ಗೆ. ಎಮಿಟರ್‌ನಿಂದ 100 ಓಮ್ ರೆಸಿಸ್ಟರ್ ಮೂಲಕ ಮೈನಸ್‌ಗೆ. ಬೇಸಿಗೆ ಪ್ಲಸ್‌ನಿಂದ 10 ಕಿಲೋಓಮ್, ಮೈನಸ್‌ನಿಂದ 2.2 ಕಿಲೋಓಮ್. ಮೊಬೈಲಿನ ಸಿಗ್ನಲ್ 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಮೂಲಕ ಬೇಸಿಗೆ, ಮೊಬೈಲಿನ ಗ್ರೌಂಡ್ ವೈರ್ (ಸಿಗ್ನಲ್ ಮರಳುವ ವೈರ್) ಬ್ಯಾಟರಿಯ ಮೈನಸ್‌ಗೆ. ಎಡ-ಬಲ ಎರಡೂ ಚಾನೆಲ್ ಬೇಕಿಲ್ಲ, ಒಂದು ಸಾಕು.

ಕೇಳುವ ಕಡೆ: 6 ವೋಲ್ಟಿನ ಪುಟ್ಟ ಪ್ಯಾನೆಲ್, 3.5 ಎಂಎಂ ಪಿನ್, ಆಕ್ಸ್ ಇನ್‌ಪುಟ್ (ವೈರಿನ ಮೂಲಕ ಹಾಡು ಒಳಬಿಡುವ ತೂತು) ಇರುವ ಯಾವುದಾದರೂ ಸ್ಪೀಕರ್ ಅಥವಾ ಎಲ್‌ಎಂ386 ಐಸಿ ಹಾಕಿದ, ಸಿಗ್ನಲ್ ಹಿಗ್ಗಿಸುವ ಪುಟ್ಟ ಆಂಪ್ಲಿಫಯರ್ ಬೋರ್ಡ್. ಇವೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಊರಿನ ರೇಡಿಯೊ ರಿಪೇರಿ ಅಂಗಡಿಯಲ್ಲೋ ಸಿಗುವ ಸಾಮಾನು.

ಸ್ಪೀಕರ್‌ನಿಂದ ಶುರು

ಪ್ಯಾನೆಲ್ ಬಿಚ್ಚಿಡಿ. ಸ್ಪೀಕರ್ ಆನ್ ಮಾಡಿ, ಆಕ್ಸ್ ವೈರಿನ ತುದಿಯನ್ನು ಬೆರಳಲ್ಲಿ ಮುಟ್ಟಿ. ಗೊರ್ ಅಂದರೆ ಅಲ್ಲಿಂದ ಮುಂದೆ ಎಲ್ಲವೂ ಸರಿ ಇದೆ. ಮನೆಯ ವೈರಿಂಗಿನ 50 ಹರ್ಟ್ಸ್ ನಿಮ್ಮ ಮೈಯನ್ನೇ ಆಂಟೆನಾ ಮಾಡಿಕೊಂಡು ಒಳಹೊಕ್ಕಿರುತ್ತದೆ. (ಸ್ಪೀಕರ್ ಬ್ಯಾಟರಿಯಲ್ಲಿ ಓಡುತ್ತಿರಲಿ. ನೇರ 230 ವೋಲ್ಟಿಗೆ ಸಿಕ್ಕಿಸಿದ, ಕವಚ ಬಿಚ್ಚಿದ ಆಂಪ್ಲಿಫಯರಿನ ಹತ್ತಿರ ಈ ಪರೀಕ್ಷೆ ಬೇಡ.) ಏನೂ ಸದ್ದಿಲ್ಲದಿದ್ದರೆ ಮೊದಲು ನೋಡಬೇಕಾದದ್ದು ಸ್ಪೀಕರ್ ಆಕ್ಸ್ ಮೋಡಿನಲ್ಲಿ ಇದೆಯೇ ಎಂದು. ಬ್ಲೂಟೂತ್ ಸ್ಪೀಕರುಗಳಲ್ಲಿ ಮೋಡ್ ಬಟನ್ ಒತ್ತಿ ಬದಲಿಸಬೇಕಾಗುತ್ತದೆ.

ಎಲ್‌ಎಂ386 ಬೋರ್ಡ್ ಇದ್ದು ಸದ್ದು ತೀರಾ ಸಣ್ಣದಿದ್ದರೆ 1 ಮತ್ತು 8ನೇ ಕಾಲಿನ ನಡುವೆ 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಇದೆಯೇ ನೋಡಿ. ಅದಿಲ್ಲದೆ ಈ ಐಸಿ 20 ಪಟ್ಟು ಮಾತ್ರ ಹಿಗ್ಗಿಸುತ್ತದೆ, ಅದಿದ್ದರೆ 200 ಪಟ್ಟು. ಪಟಪಟ ಎಂದು ಮೋಟರಿನಂತೆ ಬಡಿದುಕೊಳ್ಳುತ್ತಿದ್ದರೆ ಸಪ್ಲೈ ಕಾಲಿನ ಹತ್ತಿರ ಒಂದು 100 ಮೈಕ್ರೋಫ್ಯಾರಡ್ ಹಾಕಿ. ನಿಮ್ಮದು ಪಿಎಎಂ8403 ಎಂಬ ಇನ್ನೊಂದು ಬಗೆಯ ಆಂಪ್ಲಿಫಯರ್ ಬೋರ್ಡಾದರೆ ಸ್ಪೀಕರಿನ ಮೈನಸ್ ವೈರನ್ನು ಗ್ರೌಂಡಿಗೆ ಸೇರಿಸಲೇಬೇಡಿ. ಅದರಲ್ಲಿ ಸ್ಪೀಕರಿನ ಎರಡೂ ವೈರುಗಳಲ್ಲಿ ಸಿಗ್ನಲ್ ಇರುತ್ತದೆ. ಆ ಬೋರ್ಡಿಗೆ 5 ವೋಲ್ಟಿನ ಬದಲು 9 ವೋಲ್ಟ್ ಕೊಟ್ಟಿದ್ದರೆ ಹುಡುಕುವ ಕೆಲಸವೇ ಇಲ್ಲ, ಹೊಸದು ತನ್ನಿ.

ಟ್ಯೂಬ್‌ಲೈಟು ಮತ್ತು ಟಿವಿ ರಿಮೋಟು

ಈಗ ಪ್ಯಾನೆಲ್ ಜೋಡಿಸಿ, ಎಲ್‌ಇಡಿಯನ್ನು ಮರೆತುಬಿಡಿ. ಪ್ಯಾನೆಲ್ಲನ್ನು ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿಗೋ ಗುಂಡು ಬಲ್ಬಿಗೋ ತೋರಿಸಿ. ಗುಂಯ್ ಎಂಬ ಸದ್ದು ಬರಬೇಕು. ಕರೆಂಟು ಸೆಕೆಂಡಿಗೆ 50 ಸಲ ಸುತ್ತುತ್ತದೆ. ಪ್ರತಿ ಸುತ್ತಿನಲ್ಲಿ ಎರಡು ಸಲ ತುದಿ ಮುಟ್ಟುತ್ತದೆ. ಹಾಗಾಗಿ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ನೀವು ಕೇಳುತ್ತಿರುವುದು ಆ 100 ಹರ್ಟ್ಸ್. ಅಗ್ಗದ ಎಲ್‌ಇಡಿ ಬಲ್ಬುಗಳೂ ಇದೇ ಸ್ವರದಲ್ಲಿ ಜೋರಾಗಿ ಕೂಗುತ್ತವೆ. ಒಳ್ಳೆಯ ಡ್ರೈವರ್ (ಒಳಗೆ ಕರೆಂಟನ್ನು ಹದ ಮಾಡುವ ಸರ್ಕ್ಯೂಟ್) ಇರುವ ಬಲ್ಬು ಬಹುತೇಕ ಮೌನವಾಗಿರುತ್ತದೆ. ಮನೆಯ ಒಂದೊಂದೇ ಬಲ್ಬಿನ ಕೆಳಗೆ ಪ್ಯಾನೆಲ್ ಹಿಡಿದು ಕೇಳುತ್ತ ಹೋದರೆ ಯಾವ ಕಂಪನಿ ಒಳಗಿನ ಕೆಪ್ಯಾಸಿಟರಿನಲ್ಲಿ ದುಡ್ಡು ಉಳಿಸಿದೆ ಎಂದು ತಿಳಿಯುತ್ತದೆ. ಅದು ಬೇರೆಯೇ ಒಂದು ಮಾಡೆಲ್ ಆಗುವಷ್ಟು ಸ್ವಾರಸ್ಯದ ವಿಷಯ.

ಆಮೇಲೆ ಟಿವಿ ರಿಮೋಟ್ ತಂದು ಪ್ಯಾನೆಲ್ಲಿಗೆ ಹತ್ತಿರ ಹಿಡಿದು ಯಾವುದಾದರೂ ಬಟನ್ ಒತ್ತಿ. ಟ್ರರ್ರ್ ಟ್ರರ್ರ್ ಎಂದು ಕೇಳುತ್ತದೆ. ರಿಮೋಟಿನ ಇನ್‌ಫ್ರಾರೆಡ್ ಬೆಳಕು ಸಾಮಾನ್ಯವಾಗಿ ಸೆಕೆಂಡಿಗೆ 38 ಸಾವಿರ ಸಲದಷ್ಟು ಮಿನುಗುತ್ತದೆ, ಅದು ಕಿವಿಗೆ ನಿಲುಕದ್ದು. ಆದರೆ ಆ ಮಿನುಗನ್ನು ತುಂಡುತುಂಡಾಗಿ ಕಳಿಸುವ ಸಂಕೇತ ಕಿವಿಗೆ ನಿಲುಕುತ್ತದೆ. ಕಣ್ಣಿಗೆ ಕಾಣದ ಬೆಳಕು ಕಿವಿಗೆ ಕೇಳುವುದನ್ನು ತೋರಿಸಿದರೆ ತೀರ್ಪುಗಾರರಿಗೂ ಖುಷಿಯಾಗುತ್ತದೆ. ಸಿಲಿಕಾನ್ ಪ್ಯಾನೆಲ್ ನೀಲಿಗಿಂತ ಕೆಂಪಿಗೆ, ಕೆಂಪಿಗಿಂತ ಅದರಾಚೆಯ ಇನ್‌ಫ್ರಾರೆಡ್ಡಿಗೆ ಚೆನ್ನಾಗಿ ಸ್ಪಂದಿಸುವುದರಿಂದಲೇ ಎಲ್‌ಇಡಿ ಕೆಂಪು ಇರಲಿ ಎಂದದ್ದು.

ಟ್ಯೂಬ್‌ಲೈಟೂ ಕೇಳದೆ, ರಿಮೋಟೂ ಕೇಳದಿದ್ದರೆ ದೋಷ ಪ್ಯಾನೆಲ್ ಮತ್ತು ಪಿನ್ನಿನ ನಡುವೆಯೇ ಇದೆ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗಿಟ್ಟು ಪ್ಯಾನೆಲ್ಲಿನ ಎರಡು ವೈರಿನ ಮೇಲೆ ಹಿಡಿದು ಕಿಟಕಿಯ ಕಡೆ ತಿರುಗಿಸಿ. ವೋಲ್ಟೇಜ್ ಬಂದರೆ ಪ್ಯಾನೆಲ್ ಸರಿ, ಪಿನ್ನಿನ ಬೆಸುಗೆ ತಪ್ಪು. ಪಿನ್ನಿನ ತುದಿಗೆ ಒಂದು ವೈರ್, ಬುಡದ ಉದ್ದ ಭಾಗಕ್ಕೆ ಇನ್ನೊಂದು. ನಡುವಿನ ಉಂಗುರ ಖಾಲಿ ಬಿಟ್ಟರೂ ನಡೆಯುತ್ತದೆ. ಎರಡು ವೈರನ್ನೂ ತುದಿ ಮತ್ತು ಉಂಗುರಕ್ಕೆ ಹಾಕಿ ಬುಡ ಖಾಲಿ ಬಿಟ್ಟಿರುವುದನ್ನು ಹಲವು ಸಲ ನೋಡಿದ್ದೇನೆ. ಅಂದ ಹಾಗೆ, ಹಳದಿ ಬಣ್ಣದ ಅಗ್ಗದ ಮೀಟರಿನಲ್ಲಿ ಎಸಿ ಅಳತೆ ಶುರುವಾಗುವುದೇ 200 ವೋಲ್ಟಿನ ರೇಂಜಿನಿಂದ. ಪ್ಯಾನೆಲ್ಲಿನಿಂದ ಬರುವ ಮಿಲಿವೋಲ್ಟ್ ಹಾಡನ್ನು ಅದರಲ್ಲಿ ಅಳೆಯುವ ಪ್ರಯತ್ನ ಬೇಡ, ನಿಮ್ಮ ಸ್ಪೀಕರ್ ಅದಕ್ಕಿಂತ ಎಷ್ಟೋ ಸೂಕ್ಷ್ಮ.

ಎಲ್‌ಇಡಿ ಕಡೆ

ಕೇಳುವ ಕಡೆ ಪಾಸಾಯಿತು. ಈಗ ಕೋಣೆಯ ಲೈಟು ಆರಿಸಿ ಎಲ್‌ಇಡಿಯನ್ನು ಪ್ಯಾನೆಲ್ಲಿಗೆ ಒಂದು ಗೇಣು ದೂರದಲ್ಲಿಟ್ಟು ಹಾಡು ಹಾಕಿ. ಕೇಳಲಿಲ್ಲವೇ? ಹಾಡು ನಿಲ್ಲಿಸಿ, ಎಮಿಟರಿನ 100 ಓಮ್ ರೆಸಿಸ್ಟರಿನ ಎರಡು ತುದಿಯ ನಡುವೆ ಡಿಸಿ ವೋಲ್ಟೇಜ್ ಅಳೆಯಿರಿ. ಈ ಒಂದು ಅಂಕಿ ಕಳಿಸುವ ಕಡೆಯ ಪೂರ್ತಿ ಜಾತಕ ಹೇಳುತ್ತದೆ.

ಸುಮಾರು 1 ವೋಲ್ಟ್ ಇರಬೇಕು. ಅಂದರೆ ಹಾಡಿಲ್ಲದಾಗಲೂ ಎಲ್‌ಇಡಿಯಲ್ಲಿ 10 ಮಿಲಿಆಂಪಿಯರ್ ಹರಿಯುತ್ತಿದೆ. ಹಾಡು ಬಂದಾಗ ಅದು ಮೇಲಕ್ಕೂ ಹೋಗಬಹುದು, ಕೆಳಕ್ಕೂ ಇಳಿಯಬಹುದು. ಹಾಡಿಗೆ ಎರಡು ಕಡೆಯೂ ಜಾಗ ಬೇಕು. ಹಾಡಿಲ್ಲದಾಗ ಆರಿರುವ ಎಲ್‌ಇಡಿ ಅರ್ಧ ಹಾಡನ್ನು ನುಂಗುತ್ತದೆ, ಉಳಿದರ್ಧವನ್ನು ಕರಕರ ಮಾಡುತ್ತದೆ. ಮೊಬೈಲಿನ ಪಿನ್ನಿಗೆ ನೇರವಾಗಿ ಎಲ್‌ಇಡಿ ಜೋಡಿಸುವ ವಿಡಿಯೊಗಳನ್ನು ನಂಬಬೇಡಿ. ಕೆಂಪು ಎಲ್‌ಇಡಿ ಬೆಳಗಲು 1.8 ವೋಲ್ಟಿನ ಆಸುಪಾಸು ಬೇಕು, ಬಿಳಿಯದಕ್ಕೆ 3ರ ಹತ್ತಿರ. ಮೊಬೈಲಿನ ಹೆಡ್‌ಫೋನ್ ಸಿಗ್ನಲ್ ಸಾಮಾನ್ಯವಾಗಿ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ.

ಅಲ್ಲಿ ಸೊನ್ನೆ ಅಥವಾ ಅದರ ಹತ್ತಿರದ ಅಂಕಿ ಬಂದರೆ ಟ್ರಾನ್ಸಿಸ್ಟರ್ ತೆರೆದಿಲ್ಲ, ಇಲ್ಲವೇ ಎಲ್‌ಇಡಿ ಉಲ್ಟಾ. ಬಿಸಿ547ರ ಚಪ್ಪಟೆ ಮುಖವನ್ನು ನಿಮ್ಮ ಕಡೆ ಹಿಡಿದು ಕಾಲುಗಳು ಕೆಳಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅಂಗಡಿಯವರು “ಅದೇ ತರದ್ದು” ಎಂದು ಕೊಟ್ಟ 2ಎನ್3904ರಲ್ಲಿ ಇದು ತಿರುಗುಮುರುಗು. ಬೇಸಿನಲ್ಲಿ 1.6 ವೋಲ್ಟ್ ಇದೆಯೇ ನೋಡಿ. ಟ್ರಾನ್ಸಿಸ್ಟರೂ ಎಲ್‌ಇಡಿಯೂ ಸರಿಯಾಗಿ ಕೂತಿದ್ದು ಅಷ್ಟು ಇಲ್ಲವೆಂದರೆ 10 ಕಿಲೋಓಮ್ ಬದಲು ಬೇರೇನೋ ಬಂದು ಕೂತಿದೆ. ಕಂದು, ಕಪ್ಪು, ಕಿತ್ತಳೆ ಇದ್ದರೆ ಸರಿ; ಕೊನೆಯದು ಹಳದಿಯಾದರೆ ಅದು 100 ಕಿಲೋಓಮ್.

ವೋಲ್ಟೇಜ್ ಸರಿಯಾಗಿದ್ದೂ ಹಾಡಿಲ್ಲ ಎಂದರೆ ಕೆಪ್ಯಾಸಿಟರಿನ ದಿಕ್ಕು ನೋಡಿ. ಅದರ ಪ್ಲಸ್ ಕಾಲು ಮೊಬೈಲಿನ ಕಡೆ ಇರಬೇಕು ಎಂದೇ ಎಲ್ಲರ ಊಹೆ. ಸಿಗ್ನಲ್ ಅಲ್ಲಿಂದ ಬರುತ್ತದಲ್ಲ! ಆದರೆ ಮೊಬೈಲಿನ ಕಡೆ ಡಿಸಿ ವೋಲ್ಟೇಜ್ ಸೊನ್ನೆಯ ಹತ್ತಿರ, ಬೇಸಿನ ಕಡೆ 1.6. ಪ್ಲಸ್ ಬೇಸಿನ ಕಡೆಗೇ ಇರಬೇಕು. ಉಲ್ಟಾ ಹಾಕಿದರೆ ತಕ್ಷಣ ಹಾಳಾಗದಿದ್ದರೂ ಕ್ರಮೇಣ ಸೋರಿ ಬೇಸಿನ ವೋಲ್ಟೇಜ್ ಕೆಡಿಸುತ್ತದೆ.

ಕೊನೆಗೆ ಮೊಬೈಲ್. ಕೆಲವು ಫೋನುಗಳು ಪಿನ್ನಿನ ಆಚೆ ಹೆಡ್‌ಫೋನಿನಂಥ ಕಡಿಮೆ ಓಮಿನ ಲೋಡ್ ಕಾಣದಿದ್ದರೆ ಏನೂ ಸಿಕ್ಕಿಸಿಲ್ಲ ಎಂದುಕೊಂಡು ತಮ್ಮ ಸ್ಪೀಕರಿನಲ್ಲೇ ಹಾಡುತ್ತವೆ. ಸಿಗ್ನಲ್ ಮತ್ತು ಗ್ರೌಂಡಿನ ನಡುವೆ 33 ಅಥವಾ 47 ಓಮ್ ರೆಸಿಸ್ಟರ್ ಒಂದನ್ನು ಅಡ್ಡ ಹಾಕಿ ನೋಡಿ.

ಕೈ ಅಡ್ಡ ಹಿಡಿದರೂ ಹಾಡು ನಿಲ್ಲುತ್ತಿಲ್ಲ

ಇದು ಸದ್ದಿಲ್ಲದಿರುವುದಕ್ಕಿಂತ ಕೆಟ್ಟ ದೋಷ, ಏಕೆಂದರೆ ಯಾರೂ ಇದನ್ನು ದೋಷ ಎಂದೇ ಗುರುತಿಸುವುದಿಲ್ಲ. ಹಾಡು ಚೆನ್ನಾಗಿ ಕೇಳುತ್ತಿದೆ, ಎಲ್ಲರಿಗೂ ಸಂತೋಷ. ತೀರ್ಪುಗಾರರು ಬೆಳಕಿಗೆ ಅಡ್ಡ ಕೈ ಹಿಡಿಯುತ್ತಾರೆ. ಹಾಡು ಮುಂದುವರಿಯುತ್ತದೆ! ಆದ್ದರಿಂದ ಹಾಡು ಕೇಳಿದ ಕೂಡಲೇ ನೀವೇ ಪ್ಯಾನೆಲ್ಲಿಗೆ ಪುಸ್ತಕ ಮುಚ್ಚಿ ನೋಡಿ. ನಿಂತರೆ ಮಾತ್ರ ಅದು ಬೆಳಕಿನಲ್ಲಿ ಬಂದ ಹಾಡು.

ನಿಲ್ಲದಿದ್ದರೆ ಮೊದಲ ಗುಮಾನಿ ಬ್ಲೂಟೂತ್ ಮೇಲೆ. ಫೋನು ಹಳೆಯ ಪರಿಚಯದ ಸ್ಪೀಕರಿಗೆ ತಾನೇ ಜೋಡಿಕೊಂಡಿರುತ್ತದೆ. ಎರಡನೆಯದು ಒಂದೇ ಬ್ಯಾಟರಿ ಅಥವಾ ಒಂದೇ ಯುಎಸ್‌ಬಿ ಅಡಾಪ್ಟರಿನಿಂದ ಎರಡೂ ಕಡೆಗೆ ಕರೆಂಟು ಕೊಟ್ಟಿರುವುದು. ಆಗ ಎಲ್‌ಇಡಿಯ ಏರಿಳಿತ ಸಪ್ಲೈ ವೈರಿನಲ್ಲೇ ಆಂಪ್ಲಿಫಯರಿಗೆ ನುಸುಳುತ್ತದೆ. ಎರಡು ಕಡೆಗೂ ಬೇರೆ ಬೇರೆ ಬ್ಯಾಟರಿ ಇರಲಿ, ಎರಡರ ನಡುವೆ ಗ್ರೌಂಡ್ ವೈರೂ ಬೇಡ. ಮೂರನೆಯದು ಮೊಬೈಲಿನ ವೈರೂ ಪ್ಯಾನೆಲ್ಲಿನ ವೈರೂ ಅಕ್ಕಪಕ್ಕ ಹೊಸೆದುಕೊಂಡು ಹೋಗಿರುವುದು. ದೂರ ಮಾಡಿ.

ಹಾಡಿನ ಹಿಂದೆ ಗುಂಯ್

ಇಲ್ಲಿಯೂ ಪುಸ್ತಕ ಮುಚ್ಚುವ ಪರೀಕ್ಷೆಯೇ. ಮುಚ್ಚಿದಾಗ ಗುಂಯ್ ನಿಂತರೆ ಅದು ಕೋಣೆಯ ಬಲ್ಬಿನಿಂದ ಬಂದ 100 ಹರ್ಟ್ಸ್. ಬಲ್ಬು ಆರಿಸಿ, ಇಲ್ಲವೇ ಪ್ಯಾನೆಲ್ಲಿನ ಸುತ್ತ ಕಪ್ಪು ಡ್ರಾಯಿಂಗ್ ಶೀಟಿನ ಕೊಳವೆ ಮಾಡಿ. ಮುಚ್ಚಿದರೂ ನಿಲ್ಲದಿದ್ದರೆ ಅದು ವೈರಿನ ಮೂಲಕ ಬಂದ 50 ಹರ್ಟ್ಸ್ ಮತ್ತು ಅದರ ಬಳಗ. ಪ್ಯಾನೆಲ್ಲಿನ ವೈರ್ ಗಿಡ್ಡ ಮಾಡಿ, ಲೋಹದ ಬಲೆಯ ಕವಚವಿರುವ ವೈರ್ ಬಳಸಿ, ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸಂಗೀತ ಬಲ್ಲವರಾದರೆ 50 ಮತ್ತು 100 ಒಂದೇ ಸ್ವರದ ಎರಡು ಸ್ಥಾಯಿ ಎಂದು ಕಿವಿಯಲ್ಲೇ ಬೇರ್ಪಡಿಸಬಹುದು ಅಂದುಕೊಳ್ಳುತ್ತೀರಿ. ಆಗುವುದಿಲ್ಲ. ಅಂಗೈಯಗಲದ ಸ್ಪೀಕರಿಗೆ 50 ಹರ್ಟ್ಸ್ ಹೊರಡಿಸಲು ಬರುವುದಿಲ್ಲ, ನೀವು ಕೇಳುವುದು ಅದರ ಮೇಲಿನ ಸ್ಥಾಯಿಗಳನ್ನೇ. ಪುಸ್ತಕವೇ ವಾಸಿ.

ರೀಲಿನ ಕಾಲದ ಟಾಕೀಸುಗಳಲ್ಲಿ ಪ್ರೊಜೆಕ್ಟರ್ ಆಪರೇಟರುಗಳು ಎದುರಿಸುತ್ತಿದ್ದುದೂ ಇದೇ ಕಾಟ. 35 ಎಂಎಂ ರೀಲಿನ ಅಂಚಿನಲ್ಲಿ ಧ್ವನಿ ಒಂದು ಸಣ್ಣ ಪಟ್ಟಿಯಾಗಿ ಅಚ್ಚಾಗಿರುತ್ತಿತ್ತು. ಎಕ್ಸೈಟರ್ ಲ್ಯಾಂಪಿನ ಬೆಳಕು ಕೂದಲೆಳೆಯಂಥ ಸೀಳಿನ ಮೂಲಕ ಆ ಪಟ್ಟಿಯನ್ನು ಹಾದು, ಬೆಳಕನ್ನು ಕರೆಂಟಾಗಿಸುವ ಫೋಟೋಸೆಲ್ ಮೇಲೆ ಬೀಳುತ್ತಿತ್ತು. ಆ ಲ್ಯಾಂಪಿಗೆ ಡಿಸಿ ಕರೆಂಟನ್ನೇ ಕೊಡುತ್ತಿದ್ದರು, ಸಾದಾ ಎಸಿ ಕೊಟ್ಟರೆ ನಾಯಕಿಯ ಮಾತಿನ ಹಿಂದೆಲ್ಲ 100 ಹರ್ಟ್ಸ್. ರೀಲು ಪಕ್ಕಕ್ಕೆ ಸರಿದು ಅಂಚಿನ ತೂತುಗಳು ಬೆಳಕಿಗೆ ಅಡ್ಡ ಬಂದರೆ ಮತ್ತೊಂದು ಸದ್ದು ಕೇಳುತ್ತಿತ್ತು. ಸೆಕೆಂಡಿಗೆ 24 ಚಿತ್ರ, ಚಿತ್ರವೊಂದಕ್ಕೆ 4 ತೂತು, ಒಟ್ಟು 96 ಹರ್ಟ್ಸ್. ಸ್ವರ ಕೇಳಿ ಎಲ್ಲಿ ದೋಷ ಎಂದು ಹೇಳುವ ವಿದ್ಯೆ ಅವರಿಗೆ ಹೊಟ್ಟೆಪಾಡಾಗಿತ್ತು.

ಬೆಳಿಗ್ಗೆ ಚೆನ್ನಾಗಿತ್ತು, ಮಧ್ಯಾಹ್ನ ಕರಕರ

ಬ್ಯಾಟರಿ. ಎಲ್‌ಇಡಿ ಇನ್ನೂ ಉರಿಯುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ 9 ವೋಲ್ಟ್ 7ಕ್ಕೆ ಇಳಿದಾಗ ಬೇಸಿನ ವೋಲ್ಟೇಜೂ ಇಳಿದು, ಎಲ್‌ಇಡಿಯ ಹಾಡಿಲ್ಲದಾಗಿನ ಕರೆಂಟು 10ರಿಂದ 6 ಮಿಲಿಆಂಪಿಯರ್‌ಗೆ ಬರುತ್ತದೆ. ಹಾಡು ಮೊದಲಿನಂತೆಯೇ 7 ಮಿಲಿಆಂಪಿಯರ್ ಏರಿಳಿಯಬೇಕೆಂದರೆ ಕೆಳಗೆ ಜಾಗ ಸಾಲದು, ಪ್ರತಿ ಅಲೆಯ ಬುಡ ಕತ್ತರಿಸಿ ಹೋಗುತ್ತದೆ. ಮೊಬೈಲಿನ ವಾಲ್ಯೂಮ್ ತಗ್ಗಿಸಿದಾಗ ಸ್ಪಷ್ಟವಾದರೆ ಇದೇ ಕಾರಣ. ಹೊಸ ಬ್ಯಾಟರಿ ಸಿಗುವ ತನಕ ಹಾಗೆಯೇ ಓಡಿಸಿ, ಸ್ಪೀಕರಿನ ವಾಲ್ಯೂಮ್ ಏರಿಸಿಕೊಳ್ಳಿ.

ಹಾಡು ಕೇಳುತ್ತದೆ, ಆದರೆ ಕಂಬಳಿ ಹೊದ್ದಂತೆ

ಮಾತಿನ ಸ, ಶ, ಚ ಗಳು ಮಾಯ, ತಾಳದ ಝಲ್ ಮಾಯ, ಉಳಿದದ್ದು ದಪ್ಪ ಸದ್ದು. ತಪ್ಪು ಯಾರದ್ದೂ ಅಲ್ಲ, ಪ್ಯಾನೆಲ್ಲಿನ ಸ್ವಭಾವ ಅದು. ಅಗಲವಾದ ಸಿಲಿಕಾನ್ ಸೆಲ್ ತಾನೇ ಒಂದು ದೊಡ್ಡ ಕೆಪ್ಯಾಸಿಟರ್ ಕೂಡ ಹೌದು. ವೇಗದ ಏರಿಳಿತಗಳನ್ನು ಅದು ಒಳಗೇ ಹೀರಿಕೊಳ್ಳುತ್ತದೆ. ಪ್ಯಾನೆಲ್ಲಿನ ಎರಡು ವೈರಿನ ನಡುವೆ 1 ಕಿಲೋಓಮ್ ರೆಸಿಸ್ಟರ್ ಅಡ್ಡ ಹಾಕಿ. ಸಾಲದಿದ್ದರೆ 220 ಓಮ್. ಸದ್ದು ಚಿಕ್ಕದಾಗುತ್ತದೆ, ಸ್ಪಷ್ಟತೆ ಬರುತ್ತದೆ. ಎಷ್ಟು ಸದ್ದು ಬಿಟ್ಟುಕೊಟ್ಟು ಎಷ್ಟು ಸ್ಪಷ್ಟತೆ ಕೊಳ್ಳುವುದು ಎನ್ನುವುದು ನಿಮ್ಮ ಆಂಪ್ಲಿಫಯರಿನ ಶಕ್ತಿಗೆ ಬಿಟ್ಟದ್ದು. ಅಂಗಳದ ಸೋಲಾರ್ ದೀಪದಿಂದ ಕಿತ್ತ ಚಿಕ್ಕ ಪ್ಯಾನೆಲ್ ಈ ವಿಷಯದಲ್ಲಿ ದೊಡ್ಡದಕ್ಕಿಂತ ಒಳ್ಳೆಯದು.

ಒಳಗೆ ಕೇಳುತ್ತದೆ, ಬಯಲಿನಲ್ಲಿ ಇಲ್ಲ

ಶಾಮಿಯಾನದ ಕೆಳಗೆ ಸ್ಟಾಲ್ ಕೊಟ್ಟರೆ ಬರುವ ಸಂಕಟ. ಬಿಸಿಲಲ್ಲಿ ಪ್ಯಾನೆಲ್ಲಿನ ವೋಲ್ಟೇಜ್ ಮೇಲಿನ ಮಿತಿಗೆ ಹೋಗಿ ಕೂತಿರುತ್ತದೆ. ಅಲ್ಲಿಂದ ಮುಂದೆ ಬೆಳಕು ಎರಡು ಪಟ್ಟಾದರೂ ಒಂದು ಸೆಲ್ಲಿನಲ್ಲಿ ಏರುವುದು 20 ಮಿಲಿವೋಲ್ಟಿನಷ್ಟು ಮಾತ್ರ. ನಿಮ್ಮ ಎಲ್‌ಇಡಿಯ ಪಾಲು ಬಿಸಿಲಿನ ಮುಂದೆ ಲೆಕ್ಕಕ್ಕೇ ಇಲ್ಲ. ಹಿಂದೆ ಹೇಳಿದ ಅಡ್ಡ ರೆಸಿಸ್ಟರ್ ನೇರ ಬಿಸಿಲಿಗೆ ಸಾಲದು. ಕಪ್ಪು ಕೊಳವೆಯೊಳಗೆ ಪ್ಯಾನೆಲ್ ಕೂರಿಸುವುದೊಂದೇ ದಾರಿ.

ಬಿಸಿಲನ್ನೇ ದೂರುವಂತೆಯೂ ಇಲ್ಲ. 1880ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಚಾರ್ಲ್ಸ್ ಸಮ್ನರ್ ಟೈಂಟರ್ ವಾಷಿಂಗ್ಟನ್ನಿನಲ್ಲಿ ಸುಮಾರು 213 ಮೀಟರ್ ದೂರಕ್ಕೆ ಮಾತು ಕಳಿಸಿದ್ದು ಬಿಸಿಲ ಕಿರಣದ ಮೇಲೆಯೇ. ತೆಳು ಕನ್ನಡಿಯ ಹಿಂದೆ ಮಾತಾಡಿದರೆ ಕನ್ನಡಿ ನಡುಗಿ ಪ್ರತಿಫಲಿಸಿದ ಬೆಳಕು ಏರಿಳಿಯುತ್ತಿತ್ತು. ಆಚೆ ತುದಿಯಲ್ಲಿ ಸೆಲೆನಿಯಮ್ ಸೆಲ್, ಬ್ಯಾಟರಿ, ಟೆಲಿಫೋನ್ ರಿಸೀವರ್. ಆಂಪ್ಲಿಫಯರ್ ಎಂಬುದು ಇನ್ನೂ ಹುಟ್ಟಿರಲಿಲ್ಲ. ಅಲ್ಲಿ ಏರಿಳಿಯುತ್ತಿದ್ದುದು ಬಿಸಿಲೇ. ನಿಮ್ಮ ಸ್ಟಾಲಿನಲ್ಲಿ ಬಿಸಿಲು ಸುಮ್ಮನೆ ಬಂದು ಪ್ಯಾನೆಲ್ಲನ್ನು ತುಂಬುತ್ತದೆ, ಅಷ್ಟೇ ವ್ಯತ್ಯಾಸ.

ದೂರ ಹೆಚ್ಚಿಸಬೇಕೆಂದರೆ

ಬರಿಯ ಎಲ್‌ಇಡಿಯ ಬೆಳಕು ಹರಡಿಹೋಗುತ್ತದೆ. ದೂರ ಎರಡು ಪಟ್ಟಾದರೆ ಪ್ಯಾನೆಲ್ಲಿಗೆ ಸಿಗುವುದು ಕಾಲು ಭಾಗ. ಭೂತಗನ್ನಡಿಯೊಂದನ್ನು ಎಲ್‌ಇಡಿಯ ಮುಂದೆ ಅದರ ಫೋಕಸ್ ದೂರದಲ್ಲಿ ಹಿಡಿದರೆ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಆರಾಮಾಗಿ ತಲುಪುತ್ತದೆ. ಲೇಸರ್ ಹಾಕಿದರೆ ಇನ್ನೂ ದೂರ ಎಂಬುದು ನಿಜ, ಆದರೆ ಲೇಸರಿನ ಕಾಟಗಳೇ ಬೇರೆ. ಒಂದು ಮಟ್ಟದ ಕರೆಂಟಿಗಿಂತ ಕೆಳಗೆ ಅದು ಲೇಸರ್ ಆಗಿ ಉರಿಯುವುದೇ ಇಲ್ಲ, ಹಾಗಾಗಿ ಹಾಡಿನ ಏರಿಳಿತ ಚಿಕ್ಕದಿರಬೇಕು. ಕೆಲವು ಮಾಡ್ಯೂಲುಗಳ ಒಳಗೆ ಕರೆಂಟನ್ನು ಸ್ಥಿರವಾಗಿಡುವ ಸರ್ಕ್ಯೂಟ್ ಇರುತ್ತದೆ. ನೀವು ಕಳಿಸಿದ ಹಾಡನ್ನು ಅದು ನಿಷ್ಠೆಯಿಂದ ಅಳಿಸಿಹಾಕುತ್ತದೆ. ಅಂಥದ್ದು ಸಿಕ್ಕರೆ ಬೇರೆ ಮಾಡ್ಯೂಲ್ ತರುವುದೇ ಸುಲಭ.

ಲೇಸರಿನ ಚುಕ್ಕೆ ಪ್ಯಾನೆಲ್ಲಿನ ಒಂದೇ ಪಟ್ಟಿಯ (ಸೆಲ್ಲಿನ) ಮೇಲೆ ಬಿದ್ದು ಉಳಿದ ಪಟ್ಟಿಗಳು ಕತ್ತಲಲ್ಲಿದ್ದರೂ ಸದ್ದು ಬಿದ್ದುಹೋಗುತ್ತದೆ. ಪಟ್ಟಿಗಳೆಲ್ಲ ಸೀರೀಸಿನಲ್ಲಿ, ಅಂದರೆ ಒಂದರ ಹಿಂದೊಂದು ಸಾಲಾಗಿ ಇರುವುದರಿಂದ ಕತ್ತಲ ಪಟ್ಟಿಗಳು ಕರೆಂಟಿಗೆ ಅಡ್ಡ ನಿಲ್ಲುತ್ತವೆ. ಪ್ಯಾನೆಲ್ಲಿನ ಮುಂದೆ ಟ್ರೇಸಿಂಗ್ ಪೇಪರ್ ಅಂಟಿಸಿ ಚುಕ್ಕೆಯನ್ನು ಹರಡಿದರೆ ಹಾಡು ಮರಳುತ್ತದೆ. ಮಾರುಕಟ್ಟೆಯ ಅಗ್ಗದ ಲೇಸರುಗಳ ಮೇಲೆ ಬರೆದ 5 ಮಿಲಿವ್ಯಾಟ್ ಎಂಬುದನ್ನು ನಂಬಬೇಡಿ. ಕಿರಣ ಮಕ್ಕಳ ಕಣ್ಣಿನ ಎತ್ತರದಲ್ಲಿ ಹಾಯದಂತೆ ಮೇಜಿನ ಮಟ್ಟದಲ್ಲೇ ಇರಲಿ, ಪ್ಯಾನೆಲ್ಲಿನ ಹಿಂದೆ ರಟ್ಟಿನ ಗೋಡೆ ನಿಲ್ಲಿಸಿ, ಪ್ಯಾನೆಲ್ಲಿನ ಗಾಜಿನಿಂದ ಹಿಂದಕ್ಕೆ ಚಿಮ್ಮುವ ಚುಕ್ಕೆ ಎಲ್ಲಿ ಬೀಳುತ್ತದೆ ಎಂದು ಜನ ಬರುವ ಮುಂಚೆ ಒಮ್ಮೆ ನೋಡಿಕೊಳ್ಳಿ.